ಗೇರುಕಾಯಿಯ ಚುಕ್ಕಿ, ಲೇಬಲ್ಲಿನ ಬೋಗುಣಿ

ದೊಡ್ಡಬಳ್ಳಾಪುರದ ಅಪರೆಲ್ ಪಾರ್ಕಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಒಂದು ಅಂಗಿ ಪೂರ್ತಿಯಾಗಬೇಕಾದರೆ ಹತ್ತಾರು ಕೈ ದಾಟಬೇಕು. ಕಾಲರ್ ಹೊಲಿಯುವವರು ಕಾಲರ್ ಮಾತ್ರ ಹೊಲಿಯುತ್ತಾರೆ, ಜೇಬಿನವರು ಜೇಬು ಮಾತ್ರ. ಸೈಡ್ ಸೀಮ್ ಕೂಡಿಸುವವಳ ಮಿಷನ್ ಪಕ್ಕದಲ್ಲಿ ಬಟ್ಟೆಯ ಬಂಡಲ್ ಜೊತೆಗೆ ಒಂದು ಪುಟ್ಟ ಡಬ್ಬವೂ ಇರುತ್ತದೆ. ಅದರ ತುಂಬ ಎರಡು ಬೆರಳಗಲದ ಬಿಳಿ ಸ್ಯಾಟಿನ್ ಪಟ್ಟಿಗಳು. ಅಂಗಿಯ ಮುಂಭಾಗ ಹಿಂಭಾಗ ಎರಡನ್ನೂ ಜೋಡಿಸಿ ಸೂಜಿಯಡಿ ಓಡಿಸುತ್ತ ಬಂದವಳು ಸೊಂಟದ ಹತ್ತಿರ ಒಂದು ಗಳಿಗೆ ಪೆಡಲ್ ಮೇಲಿನ ಕಾಲು ಸಡಿಲಿಸುತ್ತಾಳೆ. ಡಬ್ಬದಿಂದ ಒಂದು ಪಟ್ಟಿ ಎತ್ತಿ ಎರಡು ಅಂಚುಗಳ ನಡುವೆ ತೂರಿಸುತ್ತಾಳೆ. ಮತ್ತೆ ಮಿಷನ್ ಗುರ್ರೆನ್ನುತ್ತದೆ. ಅಂಗಿಗೆ ಅದರ ಜಾತಕ ಹೊಲಿದಾಯಿತು.

ಪಟ್ಟಿಯ ಮೇಲೆ ಐದು ಚಿತ್ರ: ನೀರು ತುಂಬಿದ ಬೋಗುಣಿ, ತ್ರಿಕೋನ, ಚೌಕ, ಇಸ್ತ್ರಿಪೆಟ್ಟಿಗೆ, ವೃತ್ತ. ಕೆಲವಕ್ಕೆ ಕಾಟು ಹೊಡೆದಿರುತ್ತದೆ, ಕೆಲವುಗಳ ಹೊಟ್ಟೆಯಲ್ಲಿ ಚುಕ್ಕಿ, ಕೆಲವುಗಳ ಕೆಳಗೆ ಗೀಟು. ಹೊಲಿಯುವವಳ ಮಟ್ಟಿಗೆ ಅದು ತಲೆಕೆಳಗಾಗಿ ಕೂರಬಾರದು, ಒಂದು ಸೈಜಿನದು ಇನ್ನೊಂದಕ್ಕೆ ಹೋಗಬಾರದು, ಅಷ್ಟೆ. ಹೋದರೆ ಚೆಕಿಂಗ್‌ನಲ್ಲಿ ಸಿಕ್ಕಿಬೀಳುತ್ತದೆ. ಬಿಚ್ಚಿ ಮತ್ತೆ ಹೊಲಿಯಬೇಕು, ಆ ಗಂಟೆಯ ಟಾರ್ಗೆಟ್ ಕೈತಪ್ಪುತ್ತದೆ. ತ್ರಿಕೋನ ಏನು ಹೇಳುತ್ತಿದೆ ಎಂಬುದು ಸಮುದ್ರದಾಚೆ ಆ ಅಂಗಿ ಕೊಳ್ಳುವವರಿಗೆ ಬಿಟ್ಟ ವಿಚಾರ. ಅವರಲ್ಲೂ ಬಹಳ ಮಂದಿ ತ್ರಿಕೋನವನ್ನು ಕಂಡು ತಲೆ ಕೆರೆದುಕೊಳ್ಳುವವರೇ.

ಬಟ್ಟೆಯ ಮೇಲೆ ಎಲ್ಲರಿಗೂ ತಿಳಿಯದ ಗುರುತು ಹಾಕುವ ಕಲೆ ಮಾತ್ರ ಈ ಸೀಮೆಗೆ ಹೊಸದಲ್ಲ. ಈ ಚಿತ್ರಗಳು ರೂಪುಗೊಂಡ ಪ್ಯಾರಿಸ್ಸಿನಲ್ಲಿ ಯಾರೂ ಬೋಗುಣಿ ಬರೆಯುವುದಕ್ಕೆ ಎಷ್ಟೋ ಕಾಲ ಮೊದಲೇ ಇಲ್ಲಿನ ಮಡಿವಾಳರು ಪಂಚೆಯ ಮೂಲೆಯಲ್ಲಿ, ಸೀರೆಯ ಸೆರಗಿನಂಚಿನಲ್ಲಿ, ಅಂಗಿಯ ಕತ್ತುಪಟ್ಟಿಯ ಒಳಮೈಯಲ್ಲಿ ತಮ್ಮ ಲಿಪಿ ಬರೆಯುತ್ತಿದ್ದರು.

ಆ ಲಿಪಿಯ ಮಸಿ ಸಿಗುತ್ತಿದ್ದುದು ಕರಿಗೇರಿನ ಮರದಲ್ಲಿ. ಕರಿಗೇರು ಎಂದರೆ ಕರಾವಳಿಯ ಗೋಡಂಬಿ ಗೇರಲ್ಲ. ಒಣ ಕಾಡಿನಲ್ಲಿ ತಾನಾಗಿ ಬೆಳೆಯುವ, ಸಂಸ್ಕೃತದಲ್ಲಿ ಭಲ್ಲಾತಕ ಎನಿಸಿಕೊಂಡ ಮರ. ಗೋಡಂಬಿಗೂ ಇದಕ್ಕೂ ಒಂದೇ ಕುಟುಂಬ. ಗೋಡಂಬಿ ಬ್ರೆಜಿಲ್‌ನಿಂದ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು, ಕರಿಗೇರು ಇಲ್ಲಿಯದೇ. ಕಾಯಿಯ ಸಿಪ್ಪೆಯಲ್ಲಿ ಅಂಟಂಟಾದ ಕಂದು ರಸವಿದೆ. ಗಾಳಿ ಸೋಕಿದರೆ ಕಪ್ಪಾಗುತ್ತದೆ, ಸುಣ್ಣ ತಾಗಿದರೆ ಆ ಕಪ್ಪು ನೂಲಿನಲ್ಲಿ ಕಚ್ಚಿ ನಿಲ್ಲುತ್ತದೆ. ಕಾಯಿಗೆ ಸೂಜಿಯನ್ನೋ ಚೂಪಾದ ಕಡ್ಡಿಯನ್ನೋ ಚುಚ್ಚಿ, ತುದಿಗೆ ಹತ್ತಿದ ರಸದಿಂದ ಬಟ್ಟೆಯ ಮೇಲೆ ಎರಡು ಚುಕ್ಕಿ, ಮೂರು ಗೀಟು, ಒಂದು ಕೂಡಿಸು ಚಿಹ್ನೆ ಇಟ್ಟು, ಮೇಲೊಂದಿಷ್ಟು ಸುಣ್ಣದ ನೀರು ಸವರಿದರೆ ಮುಗಿಯಿತು. ಮುಂದೆ ಆ ಬಟ್ಟೆ ಎಷ್ಟು ಸಲ ಬಂಡೆಗೆ ಬಡಿಸಿಕೊಂಡರೂ ಗುರುತು ಹೋಗದು. ಪಂಚೆ ಹರಿದು ಒರೆಸುಬಟ್ಟೆಯಾದ ಮೇಲೂ ಚುಕ್ಕಿ ಹಾಗೇ ಇರುತ್ತಿತ್ತು.

ಸಸ್ಯಶಾಸ್ತ್ರದವರಿಗೂ ಮೊದಲು ಕಂಡದ್ದು ಈ ಗುಣವೇ. ಲಿನೇಯಸ್‌ನ ಮಗ 1782ರಲ್ಲಿ ಈ ಮರಕ್ಕೆ ಸೆಮಿಕಾರ್ಪಸ್ ಅನಕಾರ್ಡಿಯಂ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಸೆಮೆಯಾನ್ ಎಂದರೆ ಗುರುತು, ಕಾರ್ಪೋಸ್ ಎಂದರೆ ಕಾಯಿ. ಗುರುತು ಹಾಕುವ ಕಾಯಿ! ಇಂಗ್ಲಿಷರು ಇದನ್ನು ಇನ್ನೂ ನೇರವಾಗಿ ಧೋಬಿ ನಟ್ ಎಂದು ಕರೆದರು.

ಮಡಿವಾಳರ ಲಿಪಿಗೆ ಓದುಗರು ಅವರು ಮಾತ್ರ. ಗೌಡರ ಮನೆಗೆ ಯಾವ ಚಿಹ್ನೆ, ಶಾನುಭೋಗರ ಮನೆಗೆ ಯಾವುದು, ಕೆಳಗಿನ ಬೀದಿಯ ಮೂರನೇ ಮನೆಗೆ ಯಾವುದು ಎಂಬುದು ಕಾಗದದ ಮೇಲೆ ಎಲ್ಲೂ ಇರುತ್ತಿರಲಿಲ್ಲ. ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲಿ ಹೋಗುತ್ತಿತ್ತು. ನೂರಾರು ಬಿಳಿ ಪಂಚೆಗಳು ಒಂದೇ ಹೊರೆಯಲ್ಲಿ ಕೆರೆಗೆ ಹೋಗಿ, ಒಂದೇ ಹಗ್ಗದ ಮೇಲೆ ಒಣಗಿ, ಸಂಜೆ ತಪ್ಪದೆ ಆಯಾ ಮನೆ ಸೇರಬೇಕೆಂದರೆ ಈ ಲೆಕ್ಕ ಪಕ್ಕಾ ಇರಲೇಬೇಕು. ಅಕ್ಷರ ಬಾರದವರು ಎಂದು ಊರು ಯಾರನ್ನು ಬದಿಗಿಟ್ಟಿತ್ತೋ ಅವರು ಇಡೀ ಊರನ್ನೇ ಚುಕ್ಕಿ ಗೀಟುಗಳಲ್ಲಿ ಬರೆದಿಟ್ಟುಕೊಂಡಿದ್ದರು. ಮುಂದೆ ಈ ಗುರುತು ಪೊಲೀಸರಿಗೂ ಬೇಕಾಯಿತು. ಗುರುತು ಸಿಗದ ಹೆಣವೊಂದು ಸಿಕ್ಕರೆ ಬಟ್ಟೆಯ ಮೇಲಿನ ಧೋಬಿ ಮಾರ್ಕ್ ಹಿಡಿದು ಮನೆ ಪತ್ತೆಹಚ್ಚುವುದು ತನಿಖೆಯ ಒಂದು ದಾರಿಯೇ ಆಗಿತ್ತು.

ಗೇರುರಸಕ್ಕೆ ಒಂದು ಕೆಟ್ಟ ಗುಣವೂ ಇದೆ. ಮೈಗೆ ತಾಗಿದರೆ ಸುಡುತ್ತದೆ, ನವೆ ಬರುತ್ತದೆ, ಗುಳ್ಳೆ ಏಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಭಾರತಕ್ಕೆ ಬಂದಿಳಿದ ಅಮೆರಿಕನ್ ಸೈನಿಕರ ಕತ್ತಿನ ಹಿಂದೆ ಕೆಂಪು ಗಂದೆಗಳು ಎದ್ದವು. ಸೇನೆಯ ವೈದ್ಯರು ಹುಡುಕುತ್ತ ಹೋದಾಗ ಸಿಕ್ಕಿದ್ದು ಕಾಲರಿನ ಒಳಗೆ ಧೋಬಿ ಇಟ್ಟಿದ್ದ ಗೇರುಕಾಯಿಯ ಗುರುತು. ಧೋಬಿ ಮಾರ್ಕ್‌ನ ಈ ಚರ್ಮರೋಗದ ಬಗ್ಗೆ 1943ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಲೇಖನವೇ ಬಂತು. ಅಮೆರಿಕದ ಪಾಯ್ಸನ್ ಐವಿ ಎಂಬ ಬಳ್ಳಿಯಲ್ಲಿರುವ ನಂಜಿನ ಜಾತಿಯದೇ ಈ ರಸದ ನಂಜು. ಇಂದು ಹೊಸ ಅಂಗಿಯ ಲೇಬಲ್ ಕತ್ತಿಗೆ ಚುಚ್ಚುತ್ತದೆಂದು ಕತ್ತರಿ ಹಿಡಿಯುವವರು ಆ ಸೈನಿಕರ ಸಂಕಟವನ್ನು ಒಂದಿಷ್ಟು ಊಹಿಸಬಲ್ಲರು.

ಹಳೆ ಮೈಸೂರಿನ ಹಳ್ಳಿಗಳಲ್ಲಿ ಮಡಿವಾಳರು ಹನ್ನೆರಡು ಆಯಗಾರರಲ್ಲಿ ಒಬ್ಬರು. ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಕುಂಬಾರ, ತೋಟಿ, ನೀರಗಂಟಿ ಇವರ ಸಾಲಿನಲ್ಲಿ ಅವರಿಗೂ ಸುಗ್ಗಿಯ ಕಣದಲ್ಲಿ ರಾಗಿಯ ಆಯ ಸಲ್ಲುತ್ತಿತ್ತು. ಬಟ್ಟೆಗಿಷ್ಟು ಎಂಬ ದರವಿರಲಿಲ್ಲ, ಇಡೀ ವರ್ಷದ ಒಗೆತಕ್ಕೆ ಕಣದಲ್ಲಿ ಒಮ್ಮೆ ಕೂಲಿ. ಮದುವೆ ಮೆರವಣಿಗೆಗೆ ನಡೆಮಡಿ ಹಾಸುವುದು, ದೇವರ ಉತ್ಸವಕ್ಕೆ ಪಂಜು ಹಿಡಿಯುವುದು, ಹೆರಿಗೆಯ ಮನೆಯ ಬಟ್ಟೆ ಮಡಿ ಮಾಡುವುದು ಎಲ್ಲವೂ ಆ ಲೆಕ್ಕದಲ್ಲಿ ಸೇರಿತ್ತು. ಊರ ಮೈಲಿಗೆಯನ್ನೆಲ್ಲ ಹೊತ್ತೊಯ್ದು ಮಡಿ ಮಾಡಿ ತರುವವರನ್ನೇ ಊರು ದೂರ ನಿಲ್ಲಿಸುತ್ತಿತ್ತು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವ ಇದೇ ಕಾಯಕವನ್ನು ಶರಣರ ನಡುವೆ ತಲೆಯೆತ್ತಿ ನಿಲ್ಲಿಸಿದವನು. ಅವನ ಜಯಂತಿಯನ್ನು ರಾಜ್ಯ ಸರ್ಕಾರ ಈಗ ಫೆಬ್ರವರಿ 1ರಂದು ಆಚರಿಸುತ್ತದೆ.

ಮಡಿವಾಳರ ಹೊರೆಯ ಬಟ್ಟೆ ಒಗೆಯಲು ಲೇಬಲ್ ಏಕೆ ಬೇಕಾಗಿರಲಿಲ್ಲ ಎಂಬುದಕ್ಕೆ ಉತ್ತರ ಉಬ್ಬೆಯಲ್ಲಿದೆ. ಹೊಲದ ಚೌಗು ಜಾಗಗಳಲ್ಲಿ ಬೆಳ್ಳಗೆ ಉಪ್ಪಿನಂತೆ ಮೇಲೇಳುವ ಸೌಳುಮಣ್ಣನ್ನು ಕೆರೆದು ತಂದು ನೀರಿನಲ್ಲಿ ಕದಡುತ್ತಿದ್ದರು. ಅದರಲ್ಲಿರುವುದು ಸೋಡಾದ ಕ್ಷಾರ. ಆ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕುದಿಯುವ ಹಂಡೆಯ ಬಾಯಿಯ ಮೇಲೆ ಒಂದರ ಮೇಲೊಂದು ಪೇರಿಸಿ, ಮೇಲೆ ಮುಚ್ಚಿ, ರಾತ್ರಿಯಿಡೀ ಹಬೆಯಲ್ಲಿ ಬೇಯಿಸುವುದೇ ಉಬ್ಬೆ ಹಾಕುವುದು. ಬೆಳಿಗ್ಗೆ ಕೆರೆಯ ಬಂಡೆ, ಆಮೇಲೆ ಬಿಸಿಲು, ಗಂಜಿ, ನೀಲಿ. ಹತ್ತಿಗೆ ಇದೆಲ್ಲ ಲೆಕ್ಕಕ್ಕೇ ಇಲ್ಲ. ಕ್ಷಾರ, ಹಬೆ, ಬಡಿತ, ಬಿಸಿಲು ಎಲ್ಲವನ್ನೂ ಅದು ತಡೆದುಕೊಳ್ಳುತ್ತದೆ. ಊರಿನ ಬಟ್ಟೆಯಲ್ಲಿ ಬಹುಪಾಲು ಹತ್ತಿಯೇ ಆಗಿದ್ದಾಗ ಹೇಗೆ ಒಗೆಯಬೇಕು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಯಾರದು ಎಂಬುದೊಂದೇ ಪ್ರಶ್ನೆ, ಅದಕ್ಕೆ ಗೇರುಕಾಯಿ ಸಾಕಿತ್ತು.

ಹತ್ತಿಯಲ್ಲದ್ದು ಈ ಸೀಮೆಯಲ್ಲಿ ಇದ್ದೇ ಇತ್ತು, ಆದರೆ ಅದು ಮಡಿವಾಳರ ಹೊರೆಗೆ ಹೋಗುತ್ತಿದ್ದುದು ಕಡಿಮೆ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಹದಿನೆಂಟನೇ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಗೆ ಹಿಪ್ಪುನೇರಳೆಯನ್ನೂ ರೇಷ್ಮೆಹುಳುವನ್ನೂ ತಂದು ಬೇರೂರಿಸಿದ. ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಇಂದಿಗೂ ರೇಷ್ಮೆಗೂಡಿನ ಮಾರುಕಟ್ಟೆಯ ಊರು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದ್ರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಈ ಭಾಗದ ನೇಕಾರರು, ಬಣ್ಣಗಾರರು, ಅವರ ಮಗ್ಗ, ಬಂಡವಾಳ ಎಲ್ಲವನ್ನೂ ವಿಚಾರಿಸಿ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಬರಹದಲ್ಲಿ ದೇವಾಂಗ, ತೊಗಟ, ಪದ್ಮಸಾಲಿ, ಪಟ್ಟೆಗಾರರ ಹೆಸರುಗಳು ಬರುತ್ತವೆ. ದೊಡ್ಡಬಳ್ಳಾಪುರದ ನೇಕಾರಿಕೆಯ ಬೇರು ಈ ಸಮುದಾಯಗಳಲ್ಲೇ ಇದೆ. ಕೈಮಗ್ಗದ ಊರು ಇಪ್ಪತ್ತನೇ ಶತಮಾನದಲ್ಲಿ ವಿದ್ಯುತ್ ಮಗ್ಗದ ಊರಾಯಿತು; ಬೀದಿಗೆ ಕಾಲಿಟ್ಟರೆ ಮನೆ ಮನೆಯೊಳಗಿಂದ ಅದರ ಟಕಟಕ ಕೇಳುತ್ತದೆ.

ನೇಕಾರರ ಮನೆಯವರಿಗೆ ರೇಷ್ಮೆಯ ಗುಣ ಗೊತ್ತು. ಹಸಿ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಬರೀ ಅಂಟು. ಸೋಪು, ಸೋಡಾ ಹಾಕಿದ ಕುದಿನೀರಿನಲ್ಲಿ ಬೇಯಿಸಿ ಆ ಅಂಟು ಬಿಡಿಸಿದ ಮೇಲೆಯೇ ಹೊಳಪು, ಆಮೇಲೆಯೇ ಬಣ್ಣ. ಸೋಡಾ ಕಡಿಮೆಯಾದರೆ ಅಂಟು ಉಳಿಯುತ್ತದೆ, ಹೆಚ್ಚಾದರೆ ಎಳೆಯೇ ಸೊರಗುತ್ತದೆ. ಹತ್ತಿಯನ್ನು ಬೆಳಗಿಸುವ ಕ್ಷಾರ ರೇಷ್ಮೆಯನ್ನು ತಿನ್ನುತ್ತದೆ ಎಂಬ ಪಾಠ ಇಲ್ಲಿ ಬಣ್ಣದ ಮನೆಯ ಹಂಡೆಯ ಮುಂದೆ ನಿಂತೇ ಕಲಿತದ್ದು. ಅದಕ್ಕೇ ರೇಷ್ಮೆ ಸೀರೆಗೆ ಉಬ್ಬೆಯಿಲ್ಲ, ಸೌಳಿಲ್ಲ, ಬಂಡೆಯಿಲ್ಲ. ಅಂಟುವಾಳದ ಕಾಯಿ ನೆನೆಸಿ ಕಿವುಚಿದ ನೊರೆಯಲ್ಲಿ ಅದ್ದಿ, ಹಿಂಡದೆ, ನೆರಳಿನಲ್ಲಿ ಒಣಗಿಸಬೇಕು. ಈಗಿನ ಲೇಬಲ್ ಇದನ್ನೇ ಹೇಳಬೇಕಾದರೆ ಮೂರು ಚಿತ್ರ ಬಳಸುತ್ತದೆ: ಬೋಗುಣಿಯೊಳಗೊಂದು ಕೈ, ಕಾಟು ಹೊಡೆದ ತ್ರಿಕೋನ, ಮೂಲೆಯಲ್ಲಿ ಓರೆಗೆರೆಯಿರುವ ಚೌಕ. ಅಜ್ಜಿಯರು ಒಂದು ಮಾತಿನಲ್ಲಿ ಮುಗಿಸುತ್ತಿದ್ದರು.

ಅಂಗಡಿಯ ಬಟ್ಟೆಗೆ ಮುದ್ರೆ ಬಿದ್ದದ್ದು ಬೇರೆ ಕಾರಣಕ್ಕೆ. ಹತ್ತೊಂಬತ್ತನೇ ಶತಮಾನದಲ್ಲಿ ಮ್ಯಾಂಚೆಸ್ಟರ್‌ನ ಜವಳಿ ಇಲ್ಲಿನ ಪೇಟೆ ತುಂಬಿದಾಗ ಪ್ರತಿ ಥಾನಿನ ಮೇಲೂ ಬಣ್ಣಬಣ್ಣದ ಚೀಟಿ ಅಂಟಿರುತ್ತಿತ್ತು. ಆನೆ, ಹುಲಿ, ಕೃಷ್ಣ, ಲಕ್ಷ್ಮಿಯರ ಚಿತ್ರಗಳು. ಇಂಗ್ಲಿಷ್ ಓದಲು ಬಾರದ ಗಿರಾಕಿ ಚಿತ್ರ ಹೇಳಿ ಬಟ್ಟೆ ಕೇಳಲಿ ಎಂಬ ಲೆಕ್ಕಾಚಾರ. 1889ರ ಮರ್ಚಂಡೈಸ್ ಮಾರ್ಕ್ಸ್ ಕಾಯ್ದೆ ಥಾನಿನ ಉದ್ದವನ್ನು ಗಜದ ಲೆಕ್ಕದಲ್ಲಿ ಬಟ್ಟೆಯ ಮೇಲೆಯೇ ಒತ್ತಬೇಕೆಂದು ವಿಧಿಸಿತು. ಬೆಂಗಳೂರಿನಲ್ಲಿ 1884ರಲ್ಲಿ ಶುರುವಾಗಿ ಬಿನ್ನಿ ಎಂದೇ ಮನೆಮಾತಾದ ಗಿರಣಿಯ ಬಟ್ಟೆಗೂ ತನ್ನ ಮುದ್ರೆಯಿತ್ತು. ಇವೆಲ್ಲ ಮಾರುವವರ ಗುರುತು, ಒಗೆಯುವವರ ಕೈ ಸೇರುವ ಹೊತ್ತಿಗೆ ಹರಿದೋ ಅಳಿಸಿಯೋ ಹೋಗಿರುತ್ತಿದ್ದವು. ಆದರೆ ಓದು ಬಾರದವರಿಗೆ, ಭಾಷೆ ಬೇರೆಯಾದವರಿಗೆ ಚಿತ್ರದಲ್ಲೇ ವಿಷಯ ಮುಟ್ಟಿಸುವ ಉಪಾಯ ಅಲ್ಲಿಂದಲೇ ಜವಳಿ ವ್ಯಾಪಾರಕ್ಕೆ ರೂಢಿಯಾಗಿತ್ತು.

ಗೊಂದಲ ಎಬ್ಬಿಸಿದ್ದು ಕೃತಕ ನೂಲು. ಮೊದಲು ಬಂದದ್ದು ರೇಯಾನ್. ದೊಡ್ಡಬಳ್ಳಾಪುರದ ಮಗ್ಗಗಳ ಮೇಲೆ ಅದರ ಹೆಸರು ಆರ್ಟ್ ಸಿಲ್ಕ್. ಕಣ್ಣಿಗೆ ರೇಷ್ಮೆ, ಬೆಲೆಗೆ ಹತ್ತಿ, ಆದರೆ ಒದ್ದೆಯಾದಾಗ ಬಲ ಅರ್ಧದಷ್ಟು ಇಳಿಯುತ್ತದೆ. ಒಣಗಿದ್ದಾಗ ಗಟ್ಟಿಮುಟ್ಟಾದ ಸೀರೆ ಬಂಡೆಯ ಮೇಲೆ ನಾಲ್ಕು ಏಟಿಗೆ ಜಾಳಾಯಿತು. ಆಮೇಲೆ ನೈಲಾನ್, ಅದರ ಹಿಂದೆಯೇ 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ಕಂಡುಹಿಡಿದ ಟೆರಿಲೀನ್. ಅರವತ್ತು ಎಪ್ಪತ್ತರ ದಶಕಗಳಲ್ಲಿ ಟೆರಿಲೀನ್ ಶರಟು, ಟೆರಿಕಾಟ್ ಪ್ಯಾಂಟು ಮದುವೆ ಗಂಡಿನ ಗತ್ತು. ಅದೇ ಹೊತ್ತಿಗೆ ಒಗೆಯುವ ಸಾಮಾನೂ ಬದಲಾಯಿತು. ಸರ್ಫ್ ಪುಡಿ 1959ರಲ್ಲಿ ಬಂತು, ನಿರ್ಮಾ 1969ರಲ್ಲಿ. ಇದ್ದಿಲು ತುಂಬಿದ ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ ಮಾತ್ರ ಹಳೆಯದೇ. ಅದರ ಕಾವು ಅಳೆಯಲು ಇದ್ದದ್ದು ನೀರಿನ ಹನಿ. ಚಿಮುಕಿಸಿದ ಹನಿ ಚುರ್ ಎಂದು ಹಾರಿದರೆ ಹತ್ತಿಗೆ ಹದ. ಅದೇ ಹದದಲ್ಲಿ ಟೆರಿಲೀನ್ ಮೇಲೆ ಇಟ್ಟರೆ ಬಟ್ಟೆ ಮೊದಲು ಮಿರುಗುತ್ತದೆ, ಆಮೇಲೆ ಪೆಟ್ಟಿಗೆಯ ತಳಕ್ಕೆ ಅಂಟಿಕೊಂಡು ಬರುತ್ತದೆ. ಕೈಯಲ್ಲಿ ಮುಟ್ಟಿ ಬಟ್ಟೆಯ ಜಾತಿ ಹೇಳುತ್ತಿದ್ದ ಮಡಿವಾಳರ ಅನುಭವಕ್ಕೆ ಮೊದಲ ಬಾರಿಗೆ ಪೆಟ್ಟು ಬಿತ್ತು. ನೋಡಲು ಹತ್ತಿ, ಒಳಗೆ ಇನ್ನೇನೋ. ಬಟ್ಟೆಯನ್ನು ಮಾಡಿದವನೇ ಹೇಳಬೇಕು, ಇಲ್ಲವಾದರೆ ಗೊತ್ತಾಗುವಂತಿಲ್ಲ.

ಇದೇ ಗೊಂದಲ ಯುರೋಪಿನ ಮನೆಗಳಲ್ಲೂ ಇತ್ತು, ಜೊತೆಗೆ ಅಲ್ಲಿ ವಾಷಿಂಗ್ ಮಿಷನ್ ಮನೆಮನೆಗೆ ಬರುತ್ತಿತ್ತು. ಒಂದು ಗಡಿ ದಾಟಿದರೆ ಭಾಷೆ ಬದಲಾಗುವ ಖಂಡದಲ್ಲಿ ಬರೆದು ಹೇಳುವುದು ಕಷ್ಟ. ಐವತ್ತರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಸಭೆಗಳು 1963ರಲ್ಲಿ ಜಿನೆಟೆಕ್ಸ್ ಎಂಬ ಸಂಸ್ಥೆಯ ರೂಪ ಪಡೆದವು. ಬಟ್ಟೆಯ ಆರೈಕೆಯ ಚಿಹ್ನೆಗಳನ್ನು ರೂಪಿಸಿ ಕಾಯುವುದೇ ಅದರ ಕೆಲಸ. ಜಿನೆಟೆಕ್ಸ್‌ನ ಚಿಹ್ನೆಗಳು ನೋಂದಾಯಿತ ಟ್ರೇಡ್‌ಮಾರ್ಕ್. ಹಲವು ದೇಶಗಳಲ್ಲಿ ಅವನ್ನು ಬಳಸಲು ಪರವಾನಗಿ ಬೇಕು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1991ರಲ್ಲಿ ಅವನ್ನೇ ಐಎಸ್‌ಒ 3758 ಎಂಬ ಮಾನಕವಾಗಿ ಪ್ರಕಟಿಸಿತು.

ಐದು ಚಿತ್ರಗಳ ಗುಟ್ಟು ಒಮ್ಮೆ ತಿಳಿದರೆ ಉಳಿದದ್ದು ಸಲೀಸು. ಬೋಗುಣಿ ಎಂದರೆ ನೀರಿನ ಒಗೆತ. ಒಳಗಿನ ಅಂಕಿ ನೀರಿನ ಬಿಸಿಯ ಮೇಲ್ಮಿತಿ: 30, 40, 60, 95 ಡಿಗ್ರಿ. ಅಷ್ಟು ಬಿಸಿ ಬೇಕೇ ಬೇಕೆಂದಲ್ಲ, ಅದಕ್ಕಿಂತ ಹೆಚ್ಚು ಬೇಡ ಎಂದು ಅರ್ಥ. ಅಂಕಿಯ ಬದಲು ಚುಕ್ಕಿಯಿದ್ದರೆ ಒಂದು ಚುಕ್ಕಿಗೆ 30, ಎರಡಕ್ಕೆ 40. ಉಬ್ಬೆಗೆ ಹೋಗಿ ಬಂದ ಬಟ್ಟೆಗೆ ಈ 95 ಹೊಸದೇನಲ್ಲ. ಬೋಗುಣಿಯ ಕೆಳಗೆ ಒಂದು ಗೀಟಿದ್ದರೆ ಮಿಷನ್ ಮೆಲ್ಲಗೆ ತಿರುಗಬೇಕು, ಎರಡಿದ್ದರೆ ಇನ್ನೂ ಮೆಲ್ಲಗೆ. ಒಳಗೆ ಕೈಯಿದ್ದರೆ ಕೈಯಲ್ಲೇ ಒಗೆಯಬೇಕು.

ಜನ ಹೆಚ್ಚು ಎಡವುವುದು ತ್ರಿಕೋನದಲ್ಲಿ. ಅದು ಬ್ಲೀಚ್. ಹಿಂದೆ ಅದರೊಳಗೆ ಕ್ಲೋರಿನ್ನಿನ ಸಂಕೇತವಾದ ಸಿ, ಎಲ್ ಅಕ್ಷರಗಳಿರುತ್ತಿದ್ದವು, ಒಂದಿಷ್ಟು ಸುಳಿವು ಸಿಗುತ್ತಿತ್ತು. ಅಕ್ಷರ ತೆಗೆದ ಮೇಲೆ ಬರೀ ತ್ರಿಕೋನ ಉಳಿಯಿತು. ಖಾಲಿ ಇದ್ದರೆ ಯಾವ ಬ್ಲೀಚ್ ಆದರೂ ಸರಿ, ಒಳಗೆ ಎರಡು ಓರೆಗೆರೆ ಇದ್ದರೆ ಕ್ಲೋರಿನ್ ಇಲ್ಲದ್ದು ಮಾತ್ರ, ಕಾಟು ಇದ್ದರೆ ಯಾವುದೂ ಬೇಡ. ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ 1799ರಲ್ಲಿ, ಅಂದರೆ ಶ್ರೀರಂಗಪಟ್ಟಣ ಬಿದ್ದ ವರ್ಷವೇ, ಬ್ಲೀಚಿಂಗ್ ಪೌಡರಿಗೆ ಹಕ್ಕುಪತ್ರ ಪಡೆದ. ಅಲ್ಲಿಯವರೆಗೆ ಬಟ್ಟೆ ಬೆಳ್ಳಗಾಗಲು ವಾರಗಟ್ಟಲೆ ಬಯಲಿನ ಬಿಸಿಲಲ್ಲಿ ಹಾಸಿಟ್ಟು ಕಾಯಬೇಕಿತ್ತು. ಹತ್ತಿಗೆ ಆ ಪೌಡರ್ ವರವಾಯಿತು. ರೇಷ್ಮೆ, ಉಣ್ಣೆಗಳು ಕೂದಲಿನ ಹಾಗೆ ಪ್ರೋಟೀನು. ಕ್ಲೋರಿನ್ ಬ್ಲೀಚಿನಲ್ಲಿ ಬಿಟ್ಟರೆ ಹಳದಿಯಾಗಿ, ಕೊನೆಗೆ ಕರಗಿಯೇ ಹೋಗುತ್ತವೆ. ರೇಷ್ಮೆಯ ಲೇಬಲ್ ಮೇಲೆ ತ್ರಿಕೋನಕ್ಕೆ ಕಾಟು ಇರುವುದು ಈ ಕಾರಣಕ್ಕೆ.

ಚೌಕ ಒಣಗಿಸುವುದಕ್ಕೆ. ಅದರೊಳಗೆ ವೃತ್ತವಿದ್ದರೆ ಡ್ರೈಯರ್ ಯಂತ್ರ, ನಿಂತ ಗೆರೆಯಿದ್ದರೆ ಹಗ್ಗ, ಮಲಗಿದ ಗೆರೆಯಿದ್ದರೆ ಹಾಸಿ ಒಣಗಿಸಬೇಕು, ಮೂಲೆಯಲ್ಲಿ ಓರೆಗೆರೆ ಇದ್ದರೆ ನೆರಳು. ಇಸ್ತ್ರಿಪೆಟ್ಟಿಗೆಯನ್ನು ಯಾರೂ ತಪ್ಪಾಗಿ ಓದುವುದಿಲ್ಲ. ಒಳಗೆ ಒಂದು ಚುಕ್ಕಿಯಿದ್ದರೆ ನೈಲಾನಿನಂಥದಕ್ಕೆ ತಕ್ಕ ಕಡಿಮೆ ಕಾವು, ಎರಡಿದ್ದರೆ ರೇಷ್ಮೆ, ಉಣ್ಣೆಗೆ ಹೊಂದುವಷ್ಟು, ಮೂರಿದ್ದರೆ ಹತ್ತಿ, ಲಿನನ್‌ಗೆ ಸಲ್ಲುವ ಜೋರು ಕಾವು. ಬಹುಕಾಲ ಈ ಮೂರು ಚುಕ್ಕಿಗೆ ಹಿಡಿದ ಲೆಕ್ಕ 110, 150, 200 ಡಿಗ್ರಿ. ವೃತ್ತ ಇರುವುದು ಮನೆಯವರಿಗಲ್ಲ, ಅಂಗಡಿಯವರಿಗೆ. ನಮ್ಮಲ್ಲಿ ಡ್ರೈವಾಶ್ ಎನ್ನುವ ಕೆಲಸದ ರಾಸಾಯನಿಕದ ಹೆಸರು ಅದರೊಳಗೆ ಅಕ್ಷರವಾಗಿ ಕೂತಿದೆ. ಪಿ ಎಂದರೆ ಪರ್ಕ್ಲೋರೋಎಥಿಲೀನ್ ಬಳಸಬಹುದು ಎಂದು. ಆ ದ್ರಾವಣ ಆರೋಗ್ಯಕ್ಕೆ ಕೆಟ್ಟದ್ದೆಂದು 2024ರ ಡಿಸೆಂಬರಿನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಹತ್ತು ವರ್ಷದೊಳಗೆ ಡ್ರೈಕ್ಲೀನಿಂಗಿನಿಂದ ಅದನ್ನು ತೆಗೆಯುವ ನಿಯಮ ತಂದಿದೆ. ಎಫ್ ಎಂದರೆ ಹೈಡ್ರೊಕಾರ್ಬನ್, ಡಬ್ಲ್ಯೂ ಎಂದರೆ ಅಂಗಡಿಯವರೇ ನೀರಿನಲ್ಲಿ ಮಾಡುವ ನಾಜೂಕಿನ ಒಗೆತ.

ಎಲ್ಲ ದೇಶಗಳೂ ಒಂದೇ ಸಲ ಒಪ್ಪಲಿಲ್ಲ. ಅಮೆರಿಕದ ವಾಣಿಜ್ಯ ಆಯೋಗ 1971ರಲ್ಲಿ ಆರೈಕೆಯ ಲೇಬಲ್ ಕಡ್ಡಾಯ ಮಾಡಿತು, ಆದರೆ ಮಾತಿನಲ್ಲಿ. ಮಾತಿಲ್ಲದ ಚಿಹ್ನೆಗೆ ಅದು ಒಪ್ಪಿದ್ದು 1997ರಲ್ಲಿ. ಕೆನಡಾ, ಮೆಕ್ಸಿಕೊ ಜೊತೆ ವ್ಯಾಪಾರ ಒಪ್ಪಂದವಾಗಿ ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಮೂರನ್ನೂ ಒಂದೇ ಪಟ್ಟಿಯಲ್ಲಿ ತುಂಬುವ ಕಷ್ಟ ಎದುರಾದ ಮೇಲೆ. ಜಪಾನ್ ತನ್ನದೇ 22 ಚಿಹ್ನೆಗಳನ್ನು ಬಳಸುತ್ತಿತ್ತು, ಅದರಲ್ಲಿ ಹಿಂಡಬಾರದು ಎನ್ನಲು ತಿರುಚಿದ ಬಟ್ಟೆಯ ಚಿತ್ರವೂ ಇತ್ತು. 2016ರ ಡಿಸೆಂಬರಿನಲ್ಲಿ ಅದನ್ನೆಲ್ಲ ಬಿಟ್ಟು ಅಂತರರಾಷ್ಟ್ರೀಯ ಪದ್ಧತಿಯ 41 ಚಿಹ್ನೆಗಳಿಗೆ ಬಂತು. ಅಜ್ಜಿಯರ ಹಿಂಡಬೇಡ ಎಂಬ ಮಾತಿಗೆ ತೀರ ಸಮೀಪವಾಗಿದ್ದುದು ಜಪಾನ್ ಕೈಬಿಟ್ಟ ಆ ತಿರುಚಿದ ಬಟ್ಟೆಯ ಚಿತ್ರ. ಯುರೋಪಿನಲ್ಲಿ ಕಥೆ ಇನ್ನೊಂದು ಬಗೆ. ಅಲ್ಲಿ ಕಾನೂನು ಕೇಳುವುದು ನೂಲಿನ ವಿವರವನ್ನು, ಅದೂ ಬಟ್ಟೆ ಮಾರುವ ದೇಶದ ಭಾಷೆಯಲ್ಲಿ. ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ನೂರಕ್ಕೆ ನೂರು ಹತ್ತಿ ಎಂದು ಬರೆಯಬೇಕಾಗಿ ಲೇಬಲ್ ಒಂದು ಪುಸ್ತಿಕೆಯೇ ಆಗುತ್ತದೆ. ಅಷ್ಟೂ ಪುಟಗಳಿಗೆ ಸೇರಿ ಚಿತ್ರದ ಸಾಲು ಮಾತ್ರ ಒಂದೇ.

ಈ ಪುಸ್ತಿಕೆ ದೊಡ್ಡಬಳ್ಳಾಪುರಕ್ಕೆ ಬಂದ ದಾರಿಯೂ ಕಾಲದ ಲೆಕ್ಕಕ್ಕೆ ಸಿಗುತ್ತದೆ. 1985ರಲ್ಲಿ ಸ್ಥಾಪನೆಯಾದ ಹಿಮತ್‌ಸಿಂಗ್ಕಾ ಸೈಡೆ ಎಂಬ ಕಂಪನಿ ಇಲ್ಲಿ ರೇಷ್ಮೆ ನೇಯುವ ಘಟಕ ಹಾಕಿ, ಪರದೆ ಮತ್ತು ಸೋಫಾ ಬಟ್ಟೆಯನ್ನು ಹೊರದೇಶಕ್ಕೆ ಕಳಿಸತೊಡಗಿತು. ಸೀರೆ ನೇಯುವ ಊರಿನಲ್ಲಿ ಯಾರದೋ ಕಿಟಕಿಗೆ ರೇಷ್ಮೆ. ಜಗತ್ತಿನ ಉಡುಪು ವ್ಯಾಪಾರವನ್ನು 1974ರಿಂದ ಕೋಟಾಗಳಲ್ಲಿ ಕಟ್ಟಿಹಾಕಿದ್ದ ವ್ಯವಸ್ಥೆ 2004ರ ಕೊನೆಗೆ ಮುಗಿಯುವುದಿತ್ತು. ಅದಕ್ಕೆ ಸಜ್ಜಾಗಲು ಕೇಂದ್ರ ಸರ್ಕಾರ 2002ರಲ್ಲಿ ರಫ್ತಿನ ಅಪರೆಲ್ ಪಾರ್ಕುಗಳ ಯೋಜನೆ ತಂದಿತು. ಅದರಲ್ಲಿ ದೊಡ್ಡಬಳ್ಳಾಪುರಕ್ಕೂ ಒಂದು ಪಾರ್ಕು ಬಂತು. ಸುತ್ತಲ ಹಳ್ಳಿಗಳಿಂದ ಬೆಳಿಗ್ಗೆ ವ್ಯಾನು, ಬಸ್ಸುಗಳಲ್ಲಿ ತುಂಬಿ ಬರುವ ಹೆಣ್ಣುಮಕ್ಕಳು ಈ ಪುಸ್ತಿಕೆಯನ್ನು ಅಂಗಿಗೆ ಹೊಲಿಯುತ್ತಾರೆ. ಅದರಲ್ಲಿ ಪೋಲಿಷ್ ಇರುತ್ತದೆ, ಗ್ರೀಕ್ ಇರುತ್ತದೆ, ಅರಬ್ಬಿಯೂ ಇರಬಹುದು. ಕನ್ನಡ ಇರುವುದಿಲ್ಲ.

ಅದೇ ಊರಿನ ಮಗ್ಗದ ಸೀರೆಯನ್ನು ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಬೋಗುಣಿಯೂ ಇಲ್ಲ, ತ್ರಿಕೋನವೂ ಇಲ್ಲ. ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಚೀಟಿ ಕೆಲವದರಲ್ಲಿ ತೂಗಾಡುತ್ತದೆ. ಅದು ಹೇಳುವುದು ಇದು ಅಸಲಿ ರೇಷ್ಮೆ ಎಂದಷ್ಟೆ. ಒಗೆಯುವ ಬಗೆ ಇಂದಿಗೂ ಬಾಯಿಮಾತು. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಅಂಗಡಿಯವರು, 'ಮೊದಲ ಸಲ ಡ್ರೈವಾಶ್ ಕೊಡಿಸಿಬಿಡಿ ಅಮ್ಮ, ಬಣ್ಣ ಬಿಟ್ಟರೆ ನಮ್ಮನ್ನ ಕೇಳಬೇಡಿ' ಎನ್ನುತ್ತಾರೆ. ಕೊಳ್ಳುವಾಕೆ ತಲೆಯಾಡಿಸುತ್ತಾಳೆ. ಆರ್ಟ್ ಸಿಲ್ಕ್, ರೇಷ್ಮೆ, ಪಾಲಿಯೆಸ್ಟರ್ ಮೂರೂ ಒಂದೇ ಬೀದಿಯಲ್ಲಿ, ಒಂದೇ ಬಗೆಯ ಮಿರುಗಿನಲ್ಲಿ ಬರುವ ಕಾಲದಲ್ಲಿ ಆ ಒಂದು ಮಾತು ಎಲ್ಲಕ್ಕೂ ಸಲ್ಲುತ್ತದೆ. ಒಗೆಯಲು ಮೂರಕ್ಕೂ ಮೂರು ದಾರಿ ಇದ್ದರೂ.

ಸೌಳುಮಣ್ಣು ಕೆರೆಯುವವರು ಈಗ ಕಾಣುವುದಿಲ್ಲ. ಹಂಡೆ ಇಟ್ಟು ಉಬ್ಬೆ ಹಾಕುವುದು ಹಿರಿಯರ ನೆನಪಿಗೆ ಸರಿದಿದೆ. ಗೇರುಕಾಯಿಯ ಜಾಗಕ್ಕೆ ಅಳಿಸದ ಮಾರ್ಕರ್ ಪೆನ್ನು ಬಂದಿದೆ. ಕಣದ ಆಯ ಹೋಗಿ ಬಟ್ಟೆಗಿಷ್ಟು ಎಂಬ ದರ ಬಂದಿದೆ. ಆದರೆ ನೂರು ಮನೆಯ ಬಟ್ಟೆ ಒಂದೇ ಹೊರೆಯಲ್ಲಿ ಕಲೆತು, ಮತ್ತೆ ನೂರು ಮನೆಗೆ ಹಂಚಿಹೋಗಬೇಕಾದ ಹಳೆಯ ಕಷ್ಟ ಹಾಗೇ ಇದೆ.

ರಫ್ತಿನಲ್ಲಿ ಮಿಕ್ಕ ಮಾಲು ಕಂಪನಿಯ ಹೆಸರಿನ ಲೇಬಲ್ ಕತ್ತರಿಸಿಕೊಂಡು ಅಗ್ಗದ ಅಂಗಡಿಗಳಿಗೂ ಸಂತೆಗೂ ಬರುತ್ತದೆ. ಕತ್ತರಿ ತಾಗುವುದು ಕತ್ತಿನ ಹೆಸರಿಗೆ ಮಾತ್ರ. ಸೊಂಟದ ಬಳಿಯ ಪಟ್ಟಿಯ ಉಸಾಬರಿಗೆ ಯಾರೂ ಹೋಗುವುದಿಲ್ಲ. ಹೀಗೆ ಬಂದ ಅಂಗಿಯೊಂದು ದೊಡ್ಡಬಳ್ಳಾಪುರದ ಇಸ್ತ್ರಿ ಅಂಗಡಿಯ ಮೇಜಿನ ಮೇಲೆ ಮಗುಚಿ ಬಿದ್ದಿದೆ ಎಂದುಕೊಳ್ಳಿ. ಇಸ್ತ್ರಿಯವರು ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಉಜ್ಜಿ ನೋಡುತ್ತಾರೆ, ಎಷ್ಟು ಕಾವು ಎಂಬುದು ಅಲ್ಲೇ ತೀರ್ಮಾನ. ಎರಡು ಚುಕ್ಕಿಯ ಇಸ್ತ್ರಿಪೆಟ್ಟಿಗೆಯ ಚಿತ್ರ ಪಕ್ಕದಲ್ಲೇ ಇದ್ದರೂ ಕಣ್ಣು ಅತ್ತ ಹೋಗುವುದಿಲ್ಲ. ಹೋಗುವುದು ಪಟ್ಟಿಯ ಹಿಂಬದಿಗೆ, ಏನೂ ಅಚ್ಚಾಗಿರದ ಬಿಳಿ ಜಾಗಕ್ಕೆ. ಅಂಗಿಯ ಬಣ್ಣ ಗಾಢವಾಗಿದ್ದರೂ ಕಪ್ಪು ಶಾಯಿ ಚೆನ್ನಾಗಿ ಕಾಣುವ ಜಾಗ ಅದೊಂದೇ. ಮಾರ್ಕರಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದು, ಮನೆಯ ಗುರುತಿಗೆ ಎರಡು ಗೀಟು, ಒಂದು ಚುಕ್ಕಿ ಇಟ್ಟು, ಅಂಗಿ ಮಡಚಿ ಪಕ್ಕಕ್ಕೆ ಇಡುತ್ತಾರೆ.